ಬಲ ತಿರುವಿನಲ್ಲಿ ಬೈಕು ಅಂಚಿಗೆ ಸರಿಯುವುದೇಕೆ?

ಪ್ರಶ್ನೆ: ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಆಗಾಗ ಬೈಕಿನಲ್ಲಿ ಹೋಗುತ್ತೇನೆ. ಬಲ ತಿರುವುಗಳಲ್ಲಿ ಮಾತ್ರ ಗಾಡಿ ರಸ್ತೆಯ ಅಂಚಿನತ್ತ ಸರಿಯುತ್ತದೆ. ದೋಷ ಟೈರಿನದೋ, ನನ್ನ ಚಾಲನೆಯದೋ ಎಂದು ತಿಳಿಯುವುದು ಹೇಗೆ?

ಉತ್ತರ 1: ಮೊದಲು ಟೈರಿನ ಗಾಳಿ ನೋಡಿಸಿ, ತಮ್ಮಾ. ಎಡ ತಿರುವಿನಲ್ಲಿ ಸಮಸ್ಯೆ ಇಲ್ಲದಿದ್ದರೆ ನನ್ನ ಅನುಮಾನ ನಿಮ್ಮ ಕಣ್ಣಿನ ಮೇಲೆ. ಗಾಬರಿಯಾದವರು ಅಂಚಿನ ಜಲ್ಲಿಯನ್ನೇ ದಿಟ್ಟಿಸುತ್ತಾರೆ, ನೋಟ ಹೋದತ್ತ ಗಾಡಿಯೂ ಹೋಗುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವು ಮುಗಿಯುವ ಕಡೆಗೆ ಕತ್ತು ತಿರುಗಿಸಿ, ಹ್ಯಾಂಡಲ್ಲಿನ ಬಲ ತುದಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದರೆ ಬೈಕು ಬಲಕ್ಕೇ ವಾಲುತ್ತದೆ. ವಿಚಿತ್ರವೆನಿಸಿದರೂ ಸೈಕಲ್ಲಿನಲ್ಲೂ ನಡೆಯುವುದು ಅದೇ.

ಉತ್ತರ 2: ಅಣ್ಣನವರ ಮಾತಿಗೆ ಬ್ರೇಕಿನ ವಿಷಯ ಸೇರಿಸುತ್ತೇನೆ. ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆಂಬ ಭಯ ಹಲವರಲ್ಲಿದೆ. ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ಸರಿಯುವುದರಿಂದ, ಒಣ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಶಕ್ತಿಯ ಬಹುಪಾಲು ಅದರದ್ದೇ. ಖಾಲಿ ಮೈದಾನದಲ್ಲಿ ನೇರವಾಗಿ ಸಾಗುತ್ತ, ಲಿವರನ್ನು ಒಮ್ಮೆಲೇ ಎಳೆಯದೆ ಹಂತಹಂತವಾಗಿ ಬಿಗಿಯುವುದನ್ನು ರೂಢಿಸಿಕೊಳ್ಳಿ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಸ್ತಬ್ಧವಾಗಿ ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆಯಾದರೂ, ವಾಲಿರುವಾಗ ಅದನ್ನೇ ನಂಬಿ ಜೋರಾಗಿ ಬ್ರೇಕ್ ಒತ್ತಬಾರದು.

ಪ್ರಶ್ನಿಸಿದವರು: ಎಡ ತಿರುವಿನಲ್ಲಿ ತೊಂದರೆಯಿಲ್ಲ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ?

ಉತ್ತರ 1: ಟ್ರ್ಯಾಕ್ಟರನ್ನಲ್ಲ, ಅದರ ಪಕ್ಕದಲ್ಲಿ ಉಳಿದಿರುವ ದಾರಿಯನ್ನು ನೋಡಿ.