ಕಿಡ್ನಿ ‘ತಿರಸ್ಕಾರ’ವೋ, ‘ಹತ್ತಲಿಲ್ಲ’ವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕಿಡ್ನಿ ಕಸಿ ಮಾಡಿಸಿಕೊಂಡವರಿಗಾಗಿ ಎರಡು ಪುಟದ ಮಾಹಿತಿಪತ್ರ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಓದುವವರು ಧಾರವಾಡ, ಕಲಘಟಗಿ, ನವಲಗುಂದದ ಕಡೆಯವರು. ರಕ್ತದಲ್ಲಿನ ಬಯೋಮಾರ್ಕರ್ (ಮೈಯೊಳಗೆ ಏನು ನಡೆದಿದೆ ಎಂದು ತಿಳಿಸುವ ಅಂಶ) ನೋಡಿಕೊಂಡು, ರಿಜೆಕ್ಷನ್ (ಕಸಿ ಮಾಡಿದ ಕಿಡ್ನಿಯನ್ನು ಪರರದೆಂದು ಗುರುತಿಸಿ ಮೈ ಅದರ ಮೇಲೆ ದಾಳಿ ಮಾಡುವುದು) ತಡೆಯುವ ಗುಳಿಗೆಗಳನ್ನು ಹಗುರ ಮಾಡುವ ಪ್ರಯತ್ನಗಳ ಬಗ್ಗೆ ಬರೆಯಬೇಕು. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ರಿಜೆಕ್ಷನ್‌ಗೆ ‘ತಿರಸ್ಕಾರ’, ‘ನಿರಾಕರಣೆ’ ಅಂತ ಬರೆಯುವ ರೂಢಿ. ನನಗೆ ಎರಡೂ ಒಗ್ಗಲಿಲ್ಲ. ತಿರಸ್ಕಾರದೊಳಗೆ ಒಂದು ಮನಸ್ಸಿದೆ, ಸ್ವಲ್ಪ ಸೊಕ್ಕೂ ಇದೆ. ಕನ್ಯೆ ನೋಡಲು ಬಂದವರು ತಿರಸ್ಕರಿಸುತ್ತಾರೆ, ಸಾಹೇಬರು ಅರ್ಜಿ ತಿರಸ್ಕರಿಸುತ್ತಾರೆ. ತಾಯಿ ಕೊಟ್ಟ ಕಿಡ್ನಿಯನ್ನು ಮಗನ ಮೈ ತಿರಸ್ಕರಿಸಿತು ಎಂದು ಬರೆದರೆ ಆ ತಾಯಿ ಅದನ್ನು ಹೇಗೆ ಓದಿಯಾಳು?

ಕೆಲಗೇರಿ ಕಡೆ ಮಾವಿನ ತೋಟ ಇರುವ ನಮ್ಮ ಮಾವನವರು ಕಲಮಿ ಕಟ್ಟಿದ ಕಡ್ಡಿ ಚಿಗುರಿದರೆ ‘ಹತ್ತೇತಿ’ ಅಂತಾರೆ, ಒಣಗಿದರೆ ‘ಹತ್ತಲಿಲ್ಲ’. ‘ಕಸಿ’ ತೋಟದಿಂದ ಆಸ್ಪತ್ರೆಗೆ ಹೋದ ಮಾತೇ ತಾನೆ, ಜೋಡಿಗೆ ಈ ಕ್ರಿಯಾಪದವನ್ನೂ ಕಳಿಸಬಾರದೇಕೆ? ‘ಕಿಡ್ನಿ ಮೈಗೆ ಹತ್ತಲಿಲ್ಲ.’ ಉಂಡದ್ದು ಮೈಗೆ ಹತ್ತುವುದಂತೂ ನಮ್ಮಲ್ಲಿ ಮೊದಲಿಂದಲೂ ಇದೆ. (ಮೈಸೂರು ಕಡೆಯವರಿಗೆ ‘ಹತ್ತು’ ಅಂದರೆ ಮೊದಲು ಮೆಟ್ಟಿಲು ನೆನಪಾಗುತ್ತದೆ, ಗೊತ್ತು. ಆದರೆ ಈ ಪತ್ರ ಅವರಿಗಲ್ಲ.)

ತೊಡಕು ಇರುವುದು ಇಲ್ಲೇ. ಮಾವಿನ ಕಲಮಿ ಒಮ್ಮೆ ಹತ್ತಿತೆಂದರೆ ಕಟ್ಟು ಬಿಚ್ಚಿ ಮರೆತುಬಿಡಬಹುದು. ಕಿಡ್ನಿಯದು ಹಾಗಲ್ಲ, ವರ್ಷಗಳು ಕಳೆದರೂ ಮೈ ಅದನ್ನು ಪರರದೆಂದೇ ಗುರುತಿಸೀತು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮಾಡಿದ ಕಸಿ ಇಂಥ ಔಷಧಗಳಿಲ್ಲದೆಯೂ ನಿಂತದ್ದು, ಕೊಟ್ಟವನೂ ಪಡೆದವನೂ ಏಕರೂಪದ ಅವಳಿಗಳಾಗಿದ್ದರಿಂದ. ಉಳಿದವರಿಗೆ ಸಾಮಾನ್ಯವಾಗಿ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೋಲೋನ್ ಮೂರೂ ಬೇಕು. ‘ಹತ್ತಿತು’ ಎಂದು ಬರೆದರೆ ಯಾರಾದರೂ ಗುಳಿಗೆ ಬಿಟ್ಟುಬಿಟ್ಟಾರು ಎಂಬ ಅಂಜಿಕೆ ನನ್ನದು.

ಬಯೋಮಾರ್ಕರ್‌ಗೆ ‘ಜೈವಿಕ ಗುರುತು’ ಅಂದರೆ ಆಧಾರ್ ಕಾರ್ಡಿನ ಹೆಬ್ಬೆರಳು ಕಣ್ಮುಂದೆ ಬರುತ್ತದೆ. ‘ಸುಳಿವು’ ಸಾಕೆನಿಸಿದೆ. ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಸ ಎಲ್ಲರಿಗೂ ಗೊತ್ತಿರುವ ಸುಳಿವು, ಆದರೆ ತಡವಾಗಿ ಬರುವಂಥದ್ದು. ಅದು ಏರುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. ಬೆಳಗಿನ ಗುಳಿಗೆ ನುಂಗುವ ಮುನ್ನ ರಕ್ತ ಕೊಟ್ಟು ನೋಡಿಸುವ ಟ್ಯಾಕ್ರೋಲಿಮಸ್ ಮಟ್ಟ, ಔಷಧ ರಕ್ತದಲ್ಲಿ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಅದು ಆ ಮೈಗೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವುದಿಲ್ಲ. ಹೊಸ ಸುಳಿವುಗಳು ಬೇಕಾದದ್ದು ಅದಕ್ಕೇ. ದಾನಿಯ ಕಿಡ್ನಿಯ ಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ಪಡೆದವರ ರಕ್ತದಲ್ಲಿ ತೇಲುತ್ತವೆ. ಅವುಗಳ ಪಾಲು ಏರಿದರೆ ಕಿಡ್ನಿಗೆ ಏಟು ಬೀಳುತ್ತಿರಬಹುದು. ಇನ್ನೊಂದು ಸುಳಿವು ಟಾರ್ಕ್ ಟೆನೊ ಎಂಬ ವೈರಸ್. ಬಹಳ ಮಂದಿಯ ರಕ್ತದಲ್ಲಿ ತೊಂದರೆ ಕೊಡದೆ ಇರುತ್ತದೆ, ಔಷಧದಿಂದ ಮೈಯ ಕಾವಲು (ರೋಗನಿರೋಧಕ ಶಕ್ತಿ) ತೂಕಡಿಸಿದಷ್ಟೂ ಹೆಚ್ಚುತ್ತದೆ, ಹಿತ್ತಲ ಬಾಗಿಲು ತೆರೆದಿದ್ದರೆ ಅಡುಗೆಮನೆಗೆ ಬರುವ ಬೆಕ್ಕಿನಂತೆ. ಅದು ತೀರ ಹೆಚ್ಚಿದ್ದರೆ ಔಷಧ ಅತಿಯಾಗಿ ಸೋಂಕು ತಗಲುವ ಭಯ, ತೀರ ಕಡಿಮೆಯಿದ್ದರೆ ಕಿಡ್ನಿಯ ಭಯ. ಇವನ್ನೆಲ್ಲ ಕೂಡಿಸಿ ನೋಡಿ ವೈದ್ಯರು ಪ್ರಮಾಣ ಇಳಿಸುವುದು, ಒಂದು ಔಷಧ ತೆಗೆಯುವುದು ಇನ್ನೂ ಪ್ರಯೋಗದ ಹಂತದಲ್ಲೇ ಹೆಚ್ಚು.

ಇದಕ್ಕೆ ‘ಸರಳೀಕರಣ’ ಅಂದರೆ ಕಚೇರಿಯ ಸುತ್ತೋಲೆ ಆದೀತು. ‘ಗುಳಿಗೆ ಕಡಿಮೆ ಮಾಡುವುದು’ ಅಂದರೆ ಕೇಳುವವರ ಕಿವಿಗೆ ‘ಬಂದ್ ಮಾಡುವುದು’ ಎಂದೇ ಬಿದ್ದೀತು. ನನ್ನ ಹೆಂಡತಿ ಕರಡು ಓದಿ, “ಉರಿ ಸಣ್ಣ ಮಾಡ್ತಾರ, ಒಲಿ ಆರಸಂಗಿಲ್ಲ ಅಂತ ಬರೀರಿ” ಅಂದಳು. ಹಾಗೇ ಬರೆದಿದ್ದೇನೆ.

ಉಳಿದದ್ದು ಆ ‘ಹತ್ತು’. ನಮ್ಮ ಕಡೆ ನಡೆಯುತ್ತಲೇ ಇರುವ ಕೆಲಸಕ್ಕೂ ಇದೇ ಪದ ಇದೆಯಲ್ಲ: ಬರಾಕ ಹತ್ತ್ಯಾನ, ಮಳಿ ಸುರಿಯಾಕ ಹತ್ತೇತಿ. ಹಾಗಿದ್ದರೆ ಮುಗಿಯದ ಈ ಹೊಂದಾಣಿಕೆಗೆ ‘ಕಿಡ್ನಿ ಮೈಗೆ ಹತ್ತಾಕ ಹತ್ತೇತಿ’ ಅನ್ನಬಹುದೇ, ಇಲ್ಲಾ ಓದಿದವರು ನಕ್ಕಾರೇ? ಗದಗಿನವರು ಹೇಳಬೇಕು. ಹಾವೇರಿ, ಬ್ಯಾಡಗಿ ಕಡೆ ಮೆಣಸಿನ ಅಗಿ ನಾಟಿ ಬದುಕಿದಾಗ ‘ಹತ್ತಿತು’ ಅಂತೀರೋ, ‘ಬೇರು ಹಿಡೀತು’ ಅಂತೀರೋ?