ಸಹಾಯ ಬೇಕು: ಮೌಂಟನ್ ಮೆಡೋಸ್ ಹತ್ಯಾಕಾಂಡದ ಸಾಕ್ಷ್ಯಗಳನ್ನು ತೂಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. 1857ರ ಸೆಪ್ಟೆಂಬರ್ 11ರಂದು ಅಮೆರಿಕದ ಯೂಟಾದಲ್ಲಿ ಮಾರ್ಮನ್ (ಅಲ್ಲಿನ ಒಂದು ಕ್ರೈಸ್ತ ಪಂಥ) ಪಡೆಯವರು ಸುಮಾರು 120 ವಲಸಿಗರನ್ನು ಕೊಂದ ಪ್ರಕರಣದ ಬಗ್ಗೆ ಸೆಮಿನಾರ್ ಪೇಪರ್ ಬರೀತಿದ್ದೀನಿ. ಆಗಿನ ಮಾರ್ಮನ್ ಮುಖ್ಯಸ್ಥ ಬ್ರಿಗಮ್ ಯಂಗ್ ಪಾತ್ರದ ಹತ್ರ ಬಂದು ಸಿಕ್ಕಿಹಾಕಿಕೊಂಡಿದ್ದೀನಿ.

ವಲಸಿಗರ ತಂಟೆಗೆ ಹೋಗಬೇಡಿ ಅನ್ನುತ್ತೆ ಅವರ ಸೆ. 10ರ ಪತ್ರ. ಇಂಡಿಯನ್ನರು (ಅಮೆರಿಕದ ಮೂಲನಿವಾಸಿಗಳು) ತಮಗೆ ತೋಚಿದ್ದು ಮಾಡ್ತಾರೆ ಅನ್ನೋ ಸಾಲೂ ಅದರಲ್ಲೇ ಇದೆ! ಸವಾರ ಅದನ್ನು ತಲುಪಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಯಂಗ್ ಕಡೆಯ ದುಭಾಷಿ ಡಿಮಿಕ್ ಹಂಟಿಂಗ್ಟನ್‌ನ ಸೆ. 1ರ ದಿನಚರಿಯಲ್ಲಿ, ದಕ್ಷಿಣದ ದಾರಿಯಲ್ಲಿ ಹೊರಟ ವಲಸಿಗರ ದನಗಳನ್ನು ಇಂಡಿಯನ್ ಮುಖಂಡರಿಗೆ ಬಿಟ್ಟುಕೊಟ್ಟ ಮಾತಿದೆ. ಕೆಲವು ಇತಿಹಾಸಕಾರರು ಇದನ್ನೇ ದಾಳಿಯ ಆದೇಶ ಅಂತ ಓದ್ತಾರೆ. ನನಗದು ದನ ಹೊಡೆಯೋಕೆ ಕೊಟ್ಟ ಅನುಮತಿ ಅನ್ನಿಸುತ್ತೆ, ಕೊಲೆಗಲ್ಲ.

ಈ ಹತ್ಯಾಕಾಂಡಕ್ಕೆ ಶಿಕ್ಷೆಯಾಗಿ 1877ರಲ್ಲಿ ಗುಂಡಿಟ್ಟು ಕೊಲ್ಲಲ್ಪಟ್ಟ ಜಾನ್ ಡಿ. ಲೀಯ ತಪ್ಪೊಪ್ಪಿಗೆಯನ್ನು ಅಚ್ಚು ಹಾಕಿಸಿದ್ದು ಅವನ ವಕೀಲರೇ. ಅದನ್ನು ಎಷ್ಟು ನಂಬಬಹುದು? ಇತಿಹಾಸ, ಕಾನೂನು ಓದಿದವರು ದಯವಿಟ್ಟು ಹೇಳಿ.