ಮನೆ ರಿಪೇರಿಗೆ ಬಿಚ್ಚಿದಾಗ ಕಂಬಗಳ ಮೇಲೆ ಅಂಕಿ ಸಿಕ್ಕಿವೆ, ಇದರ ಅರ್ಥ ಗೊತ್ತಿರುವವರು ಹೇಳಿ

ಕುಂಸಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ತಾಲೂಕಿನ ಕುಂಸಿ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಎಂಟು ಕಂಬದ ಚೌಕಿಮನೆ, ಮಣ್ಣಿನ ಗೋಡೆ, ಹೆಂಚಿನ ಮಾಡು. ಅಪ್ಪ ಹೋದ ಮೇಲೆ ಆರು ವರ್ಷ ಬೀಗ ಹಾಕಿತ್ತು. ಕಳೆದ ಮಳೆಗಾಲದಲ್ಲಿ ಹಿಂಬದಿಯ ಪಕಾಸು ಮುರಿದು ಮಾಡು ಕುಸಿಯಿತು. ಕೆಡವಿ ಹೊಸದು ಕಟ್ಟು ಅಂತ ಎಲ್ಲರೂ ಹೇಳಿದರು, ನನಗೆ ಮನಸ್ಸಾಗಲಿಲ್ಲ. ಬೆಂಗಳೂರಿನಿಂದ ರಜೆ ಹಾಕಿ ಬಂದು ಒಂದು ತಿಂಗಳಿಂದ ಕೆಲಸ ಮಾಡಿಸುತ್ತಿದ್ದೇನೆ.

ಕಂಬಗಳಿಗೆ ಯಾವ ಕಾಲದಿಂದಲೋ ಹಸಿರು ಪೇಂಟು ಬಳಿದಿದ್ದರು. ಕೆರೆದು ತೆಗೆದಾಗ ಬುಡದಲ್ಲಿ ಉಳಿಯಿಂದ ಕೊರೆದ ಗುರುತುಗಳು ಕಂಡವು. ಪೂ ೧, ಪೂ ೨, ದ ೧, ದ ೨, ಪ ೧, ಪ ೨, ಉ ೧. ಏಳೂ ಹಲಸಿನ ಮರ. ಎಂಟನೆಯದರಲ್ಲಿ ಉ ೨ ಇರಬೇಕಿತ್ತು ಅಲ್ವಾ? ಇಲ್ಲ. ಅದರಲ್ಲಿ ಬರೀ ಮೂರು ಗೆರೆ. ಆ ಕಂಬದ ಮರವೇ ಬೇರೆ, ಬೋದಿಗೆಯ (ಕಂಬದ ತಲೆಯ ಮೇಲೆ ತೊಲೆ ಹೊರುವ ಮರ) ಕೆತ್ತನೆಯೂ ಬೇರೆ. ಇನ್ನೊಂದು ವಿಷಯ, ಅಟ್ಟದ ತೊಲೆಗಳಲ್ಲಿ ಅಲ್ಲಲ್ಲಿ ಚೌಕದ ತೂತುಗಳಿವೆ, ಅವುಗಳಲ್ಲಿ ಏನೂ ಸೇರಿಕೊಂಡಿಲ್ಲ, ಸುಮ್ನೆ ಖಾಲಿ.

ದೇವರ ಕೋಣೆಯ ದಾರಂದದ ಮೇಲೆ "ಪ್ಲವ ಸಂ|| ಫಾಲ್ಗುಣ ಶು||" ಅಂತ ಇದೆ, ಮುಂದಿನದು ಅಳಿಸಿಹೋಗಿದೆ. ದೊಡ್ಡಪ್ಪನ ಮಗ ಲೆಕ್ಕ ಹಾಕಿ ಇದು 1902 ಅನ್ನುತ್ತಾನೆ. ಚಿಕ್ಕಪ್ಪ ಹೆಂಚು ತಿರುಗಿಸಿ, ಬಾಸೆಲ್ ಮಿಷನ್ 1865 ಅಂತ ಅಚ್ಚಿದೆ ನೋಡು, ಮನೆ ಆಗಿನದೇ ಅನ್ನುತ್ತಾರೆ. ಏಳು ತಲೆಮಾರಿನಿಂದ ಇಲ್ಲೇ ಇದ್ದೇವೆ ಅಂತ ಕೇಳಿಕೊಂಡೇ ಬೆಳೆದವಳು ನಾನು. ಆದರೆ ಪಹಣಿಯಲ್ಲಿ ಇವತ್ತಿಗೂ ಅಜ್ಜನ ಹೆಸರಿಲ್ಲ, ಅರಣ್ಯ ಅಂತ ಬರುತ್ತದೆ. ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಮನೆಗೆ ನಿಜವಾಗಿ ಎಷ್ಟು ವಯಸ್ಸು? ಬಡಗಿ ಆ ಎಂಟನೇ ಕಂಬ ಹೊಂದುತ್ತಿಲ್ಲ, ತೆಗೆದು ಹೊಸದು ಹಾಕೋಣ ಅನ್ನುತ್ತಿದ್ದಾರೆ. ತೆಗೆಸಲಾ?

ಸೊರಬದ ಮರಗೆಲಸ

ಮೊದಲು ಆ ಕಂಬ ತೆಗೆಸಬೇಡಿ. ಉಳಿದದ್ದು ಆಮೇಲೆ.

ನಾನು ಮೂವತ್ತು ವರ್ಷದಿಂದ ಮರದ ಕೆಲಸ ಮಾಡುತ್ತಿದ್ದೇನೆ, ನಮ್ಮ ತಂದೆಯೂ ಇದೇ ಕೆಲಸ. ಪೂ, ದ, ಪ, ಉ ಅಂದರೆ ದಿಕ್ಕು, ಅಂಕಿ ಅಂದರೆ ಆ ಸಾಲಿನ ಎಷ್ಟನೇ ಕಂಬ ಅಂತ. ಹೊಸ ಮನೆ ಕಟ್ಟುವಾಗಲೂ ಗುರುತು ಹಾಕುವವರಿದ್ದಾರೆ, ಆದ್ದರಿಂದ ಅದೊಂದನ್ನೇ ನೋಡಿ ಏನೂ ಹೇಳಲಾಗದು. ಆದರೆ ತೊಲೆಯ ಖಾಲಿ ತೂತು ಸುಳ್ಳು ಹೇಳುವುದಿಲ್ಲ. ಬೇಡದ ಕಡೆ ಯಾವ ಬಡಗಿಯೂ ತೂತು ಕೊರೆಯುವುದಿಲ್ಲ. ಆ ತೂತಿನಲ್ಲಿ ಹಿಂದೆ ಏನೋ ಕೂತಿತ್ತು, ಅಂದರೆ ತೊಲೆ ಮೊದಲು ಬೇರೆ ಜೋಡಣೆಯಲ್ಲಿತ್ತು. ಗುರುತೂ ಇರುವುದರಿಂದ, ನಿಮ್ಮ ಮನೆಯನ್ನು ಎಲ್ಲಿಂದಲೋ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ ಅಂತ ನನ್ನ ಅಂದಾಜು.

ಆ ತೂತುಗಳಿಗೆ ಪುಟ್ಟಿ ಮೆತ್ತಿಸಬೇಡಿ. ತೊಲೆ ಗಟ್ಟಿಯಿದ್ದರೆ ಹಾಗೇ ಬಿಡಿ. ಕಂಬದ ಬುಡಕ್ಕೆ ಗೆದ್ದಲು ಹಿಡಿದಿದ್ದರೆ ಹಾಳಾದಷ್ಟನ್ನೇ ಕೊಯ್ದು ಅದೇ ಜಾತಿಯ ಮರ ಬೆಸೆಯಬಹುದು, ಗುರುತು ಇರುವ ಭಾಗ ಉಳಿಸಿಕೊಳ್ಳಿ. ಮತ್ತೆ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಲು ಹೋಗಬೇಡಿ. ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಒಳಗಿಂದಲೇ ಸಡಿಲವಾಗುತ್ತದೆ. ಸುಣ್ಣದ ಗಾರೆಯೇ ಸರಿ.

ಹೆಂಚು ಹುಚ್ಚ, ಮಂಗಳೂರು

ಹೆಂಚಿನ ವಿಷಯಕ್ಕೆ ನಾನು ಹೇಳುತ್ತೇನೆ. 1865 ಅನ್ನುವುದು ಮನೆಯ ವರ್ಷವೂ ಅಲ್ಲ, ಆ ಹೆಂಚು ಸುಟ್ಟ ವರ್ಷವೂ ಅಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆಲ್ಬುಕರ್ಕ್ ಹೆಂಚಿನ ಮೇಲಿನ 1868 ಕೂಡ ಹಾಗೇ. ಈ ತಪ್ಪು ತುಂಬಾ ಜನ ಮಾಡುತ್ತಾರೆ, ನಿಮ್ಮ ಚಿಕ್ಕಪ್ಪನವರ ಮೇಲೆ ಬೇಸರ ಬೇಡ.

ಆದರೆ ಅಚ್ಚು ಇನ್ನೊಂದು ವಿಷಯ ಹೇಳುತ್ತದೆ. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಬಾಸೆಲ್ ಮಿಷನ್ ಹೆಸರಿರುವ ಹೆಂಚು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ಮಾಡಿನಲ್ಲಿ ಬೇರೆ ಬೇರೆ ಅಚ್ಚಿನ ಹೆಂಚು ಬೆರೆತಿದ್ದರೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಒಡೆದವನ್ನೂ ಎಸೆಯಬೇಡಿ.

ಮುಳುಗಡೆ ಮನೆಯವನು

ಓದುತ್ತಾ ಓದುತ್ತಾ ಕೈ ನಡುಗಿತು. ಕುಂಸಿ ಕಡೆ, ಬಿಚ್ಚಿ ತಂದ ಮನೆ, ಪಹಣಿಯಲ್ಲಿ ಅರಣ್ಯ. ತಂಗಿ, ನಿಮ್ಮದು ಶರಾವತಿ ಮುಳುಗಡೆ ಮನೆ ಅಂತ ನನಗೆ ಅನಿಸುತ್ತದೆ. ನಮ್ಮದೂ ಅದೇ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಪ್ಲವ ಅಂದರೆ 1901-02 ಇರಬಹುದು, 1961-62 ಕೂಡ ಇರಬಹುದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಸಾಗರ, ಹೊಸನಗರ ಕಡೆಯ ಊರುಗಳು ಖಾಲಿಯಾದವು. ಕರೂರು, ಬಾರಂಗಿ ಹೋಬಳಿಯವರು ಎಷ್ಟೋ ಜನ ಶಿವಮೊಗ್ಗ ಕಡೆಯ ಕಾಡಿಗೆ ಬಂದು ಬಿದ್ದರು. ಜಮೀನು ನೀರಿಗೆ ಹೋಗುತ್ತದೆ, ಅದನ್ನು ಹೊತ್ತು ತರಲಾಗದು. ಮರ, ಹೆಂಚು, ಬಾಗಿಲು ತರಬಹುದಿತ್ತು, ತಂದರು. ಕೊಟ್ಟ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು, ಅದಕ್ಕೇ ನಮ್ಮಂಥವರು ಇಷ್ಟು ವರ್ಷವಾದರೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದೇವೆ. ಹಿರಿಯರು ಇದನ್ನು ಮಾತಾಡುವುದಿಲ್ಲ. ನಮ್ಮಪ್ಪ ಕೊನೆಯವರೆಗೂ ಹಿನ್ನೀರಿನ ಕಡೆ ಹೋಗಲೇ ಇಲ್ಲ.

ಮನೆಯಲ್ಲಿ ಹಳಬರು ಯಾರಾದರೂ ಇದ್ದಾರಾ? ಇದ್ದರೆ ಇವತ್ತೇ ಕೇಳಿ, ನಾಳೆ ಅನ್ನಬೇಡಿ. ಇಸವಿ ಕೇಳಿದರೆ ಅವರಿಗೆ ನೆನಪಾಗುವುದಿಲ್ಲ. ಅಷ್ಟಗ್ರಹ ಕೂಟಕ್ಕೆ ಮುಂಚೆ ಬಂದಿರಾ, ಆಮೇಲೆ ಬಂದಿರಾ ಅಂತ ಕೇಳಿ. ಅದು 1962ರ ಫೆಬ್ರವರಿ ಮೊದಲ ವಾರ, ಲೋಕ ಮುಳುಗುತ್ತದೆ ಅಂತ ದೇಶವೇ ಹೆದರಿತ್ತು, ಆಗ ಬುದ್ಧಿ ಬಂದಿದ್ದವರು ಮರೆತಿರುವುದಿಲ್ಲ. ಹಳೇ ಮನೆಯಲ್ಲಿ ಬಚ್ಚಲು ಎಲ್ಲಿತ್ತು, ಬಾವಿ ಎಲ್ಲಿತ್ತು ಅಂತ ಕೇಳಿ, ಅಲ್ಲಿಂದ ಮಾತು ತಾನಾಗಿ ಬರುತ್ತದೆ. ಊರಿನ ಹೆಸರು ಸಿಕ್ಕಿದರೆ ಭೂಸ್ವಾಧೀನದ ಐತೀರ್ಪಿನ ನಕಲಿಗೆ ಅರ್ಜಿ ಹಾಕಿ. ಯಾರ ಜಮೀನು, ಎಷ್ಟು ಎಕರೆ, ಎಷ್ಟು ಪರಿಹಾರ ಅಂತ ಅದರಲ್ಲಿ ಬರೆದಿರುತ್ತದೆ.

ಕುಂಸಿ ಮೊಮ್ಮಗಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಅಪ್ಪನ ಅಕ್ಕ, ನನ್ನ ಅತ್ತೆ, ಸಾಗರದಲ್ಲಿದ್ದಾರೆ. ಭಾನುವಾರ ಹೋಗಿದ್ದೆ. ಅಣ್ಣಾ, ನೀವು ಹೇಳಿದ ಹಾಗೆ ಅಷ್ಟಗ್ರಹದ ಮಾತು ತೆಗೆದೆ. ಅತ್ತೆ ಅಡಿಕೆ ಕತ್ತರಿಸುತ್ತಿದ್ದವರು ಅಡಕತ್ತರಿ ಕೆಳಗಿಟ್ಟರು. "ಅದು ಕಳೆದು ಒಂದು ತಿಂಗಳಿಗೆ ಹೊಸ ಮನೆ ಹೊಕ್ಕೆವು. ಲೋಕ ಮುಳುಗುತ್ತದೆ ಅಂತ ಎಲ್ಲರೂ ಅಳುತ್ತಿದ್ದರು, ನಮ್ಮೂರು ಮುಳುಗುತ್ತದೆ ಅಂತ ನಾವು ಆಗಲೇ ಅತ್ತಾಗಿತ್ತು" ಅಂದರು. ಆಗ ಅವರಿಗೆ ಒಂಬತ್ತು ವರ್ಷವಂತೆ. ಅಂದರೆ ದಾರಂದದ ಮೇಲಿನ ಪ್ಲವ ಫಾಲ್ಗುಣ 1962ರದೇ.

ಮನೆ ಇದ್ದದ್ದು ಕರೂರು ಹೋಬಳಿಯಲ್ಲಿ. ಅಜ್ಜನೇ ಕೂತು ಕಂಬಕ್ಕೆ ಗುರುತು ಕೊರೆದರಂತೆ, ಅಜ್ಜಿ ಹೆಂಚಿನ ನಡುವೆ ಹುಲ್ಲು ಇಟ್ಟು ಗಾಡಿಗೆ ಜೋಡಿಸಿದರಂತೆ. ಏಳು ತಲೆಮಾರು ಅನ್ನುವುದು ಸುಳ್ಳಲ್ಲ, ಆ ಏಳು ತಲೆಮಾರು ಕಳೆದದ್ದು ಈಗ ನೀರಿನಡಿ ಇರುವ ಜಾಗದಲ್ಲಿ.

ಎಂಟನೇ ಕಂಬದ ವಿಷಯ ಕೇಳಿದೆ. ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು. ಪಕ್ಕದ ಮನೆಯವರೂ ನಾವೂ ಒಂದೇ ಅಂಗಳದಲ್ಲಿ ಬೆಳೆದವರಂತೆ, ಬೇರೆ ಬೇರೆ ಕಡೆ ಜಾಗ ಸಿಕ್ಕಿತಂತೆ. ಹೊರಡುವ ಹಿಂದಿನ ದಿನ ಎರಡೂ ಮನೆಯ ಯಜಮಾನರು ಒಂದೊಂದು ಕಂಬ ಅದಲು ಬದಲು ಮಾಡಿಕೊಂಡರಂತೆ. ನಮ್ಮ ಮನೆಯಲ್ಲಿ ನಿಂತಿರುವುದು ಅವರ ಕಂಬ. ನಮ್ಮ ಉ ೨ ಅವರ ಹತ್ತಿರ ಇದೆ.

ಬಡಗಿಗೆ ಹೇಳಿದ್ದೇನೆ, ಅವರೂ ಒಪ್ಪಿದರು, ಆ ಕಂಬದ ಬುಡಕ್ಕೆ ಮಾತ್ರ ಹೊಸ ಕಲ್ಲು ಕೊಡುತ್ತಿದ್ದಾರೆ. 2025ರಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದ ಮೇಲೆ ಆ ಕಡೆ ಹೋಗುವುದಕ್ಕೆ ಲಾಂಚಿಗೆ ಕಾಯಬೇಕಿಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಅತ್ತೆಯನ್ನು ಕರೆದುಕೊಂಡು ಹೋಗುತ್ತೇನೆ. ಬರುತ್ತೇನೆ ಅಂದಿದ್ದಾರೆ.

ಆ ಮನೆಯವರು ಹೊಸನಗರದ ಕಡೆ ಹೋದರು ಅನ್ನುವುದಷ್ಟೇ ಅತ್ತೆಗೆ ನೆನಪು. ಆ ಕಡೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಮನೆಯ ಕಂಬಗಳ ಬುಡ ಒಮ್ಮೆ ನೋಡಿ. ಉಳಿದವುಗಳಲ್ಲಿ ಗೆರೆಗಳಿದ್ದು ಒಂದೇ ಒಂದು ಹಲಸಿನ ಕಂಬದಲ್ಲಿ ಉ ೨ ಅಂತ ಇದ್ದರೆ ಇಲ್ಲಿ ಬರೆಯಿರಿ. ಪೇಂಟು ಬಳಿದಿದ್ದರೆ ಸ್ವಲ್ಪ ಕೆರೆದು ನೋಡಬೇಕಾಗುತ್ತದೆ.

ಮುಳುಗಡೆ ಮನೆಯವನು

ನಮ್ಮ ಸೋದರಮಾವನ ಮನೆ ಹೊಸನಗರದ ಕಡೆಯೇ. ಅಲ್ಲಿ ಇನ್ನೂ ನಾಲ್ಕೈದು ಮುಳುಗಡೆ ಮನೆಗಳಿವೆ. ಶನಿವಾರ ಹೋಗಿ ಒಂದೊಂದೇ ನೋಡಿಕೊಂಡು ಬರುತ್ತೇನೆ. ನಿಮ್ಮ ಕಂಬದ ಬೋದಿಗೆಯ ಫೋಟೋ ಒಂದು ಹಾಕಿ, ಜೋಡಿ ನೋಡಲು ಬೇಕು.